ಒತ್ತಿದವರಿಗೆ ಶ್ಯಾವಿಗೆ

ಬೆಂದ ಅಕ್ಕಿ ಕಡುಬನ್ನು ಹಂಡೆಯಿಂದ ತೆಗೆದಾಗಿತ್ತು. ಶ್ಯಾವಿಗೆ ಒರಳು ಒತ್ತಿಕೊಡುತ್ತೇನೆ ಎಂದಿದ್ದ ಜೊತೆಗಾತಿ ಕಮಲಮ್ಮ ಮಾತ್ರ ಬಂದಿರಲಿಲ್ಲ. ಸಕಲೇಶಪುರದಲ್ಲಿ ನಮ್ಮ ಮಹಿಳಾ ಸಂಘ ಮೊದಲ ಸಲ ಊರಡುಗೆ ಮೇಳ ಮಾಡಿದ ದಿನ ಅದು. ಕಡುಬು ಬಿಸಿಯಿರುವಾಗಲೇ ಶ್ಯಾವಿಗೆ ಒರಳಿಗೆ ಹಾಕಿ ಒತ್ತಬೇಕು. ಆರಿದರೆ ಎಳೆ ಬರುವುದಿಲ್ಲ, ಅಷ್ಟೂ ಹಿಟ್ಟು ದಂಡ. ಉದ್ದನೆಯ ಮರದ ಹಿಡಿ ಬಗ್ಗಿಸಲು ನನ್ನೊಬ್ಬಳ ಭಾರ ಸಾಲದು. ಮನೆಯಲ್ಲಿ ಯಜಮಾನರಿದ್ದಾಗ ಅವರೇ ಒತ್ತುತ್ತಿದ್ದರು. ಎದುರಿಗೆ ಜನ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ನಾಲ್ಕು ಜನರ ಮುಂದೆ ದನಿಯೆತ್ತಿದವಳಲ್ಲ ನಾನು. ತಲೆ ತಗ್ಗಿಸಿ ಕೂತೆ.

“ಏನಜ್ಜಿ, ಕಡುಬು ಇಟ್ಟಿರೋದು ತಿನ್ನೋಕೋ, ನೋಡೋಕೋ?” ಎಂದು ಮುಂದಿದ್ದ ವನಗೂರು ಕಡೆಯ ಜೀಪ್ ಡ್ರೈವರ್ ಕೆಣಕಿದ.

ಎಲ್ಲಿತ್ತೋ ಆ ಧೈರ್ಯ! “ಸುಮ್ನೆ ನಿಂತ್ರೆ ಹೊಟ್ಟೆ ತುಂಬ್ತೈತಾ ಮಾರಾಯ? ಬಂದು ಒತ್ತು. ಒತ್ತಿದೋರಿಗೇ ಶ್ಯಾವಿಗೆ!” ಎಂದುಬಿಟ್ಟೆ.

ಸಾಲಿಗೆ ಸಾಲೇ ನಕ್ಕಿತು. ಅವನು ಅಂಗಿಯ ತೋಳು ಮಡಚಿ ಹಿಡಿಯ ಮೇಲೆ ಭಾರ ಬಿಟ್ಟ. ಬೆಳ್ಳನೆಯ ಎಳೆಗಳು ಬಾಳೆಲೆಗೆ ಇಳಿದವು. ಮೇಲೆ ಕಾಯಿಹಾಲು ಸುರಿದು ಕೊಟ್ಟೆ. ಅವನ ಹಿಂದೆ ಮೇಷ್ಟ್ರು, ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್, ಕಾಲೇಜು ಹುಡುಗಿಯರು, ಎಲ್ಲರೂ ಜಗಳವಾಡಿಕೊಂಡು ಒತ್ತಿದರು. ಕಮಲಮ್ಮ ಓಡಿ ಬಂದಾಗ ಅವಳಿಗೆ ಒರಳಿನ ಹತ್ತಿರ ಜಾಗವೇ ಇರಲಿಲ್ಲ.

ಈಗ ಪ್ರತಿ ವರ್ಷ ಮೇಳದಲ್ಲಿ ಜನರನ್ನು ಕೂಗಿ ಕರೆಯುವ ಕೆಲಸ ನನ್ನದೇ. ಮೊಮ್ಮಕ್ಕಳೇ, ಅಂದು ಆ ದನಿ ಕೇಳಿ ಎಲ್ಲರಿಗಿಂತ ಹೆಚ್ಚು ಬೆರಗಾದವಳು ನಿಮ್ಮ ಅಜ್ಜಿಯೇ.