ಸಾಧಣ್ಣನ ಜೀವಕೋಶಗಳ ಸಿಟ್ಟು

ಜೀವಕೋಶ ಬೆಳೆಸುವ ಪ್ರಯೋಗಾಲಯದಲ್ಲಿ ತಲೆ ನರೆಯುವ ತನಕ ದುಡಿದ ಸಾಧಣ್ಣ ಅಲ್ಲಿ ಯಾರ ಮೇಲೂ ದನಿ ಏರಿಸಿದವನಲ್ಲ. ಆ ಸಾಧು ಸ್ವಭಾವಕ್ಕೇ ಈ ಹೆಸರು ಬಂದದ್ದು. ಬೈಸಿಕೊಂಡರೆ ದ್ರವ ಹನಿಸುವ ಪಿಪೆಟ್ ಒರೆಸುತ್ತ ನಿಲ್ಲುತ್ತಿದ್ದ. ಮನೆಗೆ ಬಂದ ಮೇಲೆ ಆ ಸಿಟ್ಟೆಲ್ಲ ಹೊರಬೀಳುವ ಕಥೆ ಹೆಂಡತಿಗೆ ಮಾತ್ರ ಗೊತ್ತು.

ಮೇಲ್ವಿಚಾರಕನ ಹುದ್ದೆ ಖಾಲಿಯಾದಾಗ ಅವನ ಆಸೆ ಗರಿಗೆದರಿತು. ಎದುರಾಳಿ ಒಬ್ಬನೇ, ಗಾಜಿನ ಬಟ್ಟಲು ತೊಳೆಯುವವ. ತಣ್ಣನೆಯ ಮನುಷ್ಯನೇ ಬೇಕೆಂದು ಹಟ ಹಿಡಿದ ನಿರ್ದೇಶಕಿ, ಮನುಷ್ಯರ ಮಾತು ನಂಬಲಾಗದು, ಜೀವಕೋಶಗಳನ್ನೇ ಕೇಳೋಣ ಎಂದರು. ಇಬ್ಬರ ತೋಳಿನಿಂದಲೂ ಚೂರು ಚರ್ಮ ತೆಗೆದು, ಅದರ ಕೋಶಗಳನ್ನು ಒಂದೊಂದು ಬಟ್ಟಲಿನಲ್ಲಿ ಬೆಳೆಸಿದರು. ಇಂಥ ಬುದ್ಧಿವಂತಿಕೆಗೆ ಏನೆನ್ನಬೇಕೋ ದೇವರೇ ಬಲ್ಲ.

ಗಾಯ ತೊಳೆಯುವ ಪೆರಾಕ್ಸೈಡ್ ಹನಿಸಿದರೆ ಕೋಶದೊಳಗೆ ಆಕ್ಸಿಡೀಕರಣದ ಒತ್ತಡ ಏರುತ್ತದೆ. ಅಲ್ಲಿಯವರೆಗೆ ಕಟ್ಟಿಹಾಕಿದ್ದ ಪ್ರೋಟೀನೊಂದು ಬಿಡಿಸಿಕೊಂಡು ಕೋಶಕೇಂದ್ರಕ್ಕೆ ಓಡಿ ಉರಿಯೂತದ ಜೀನ್‌ಗಳನ್ನು ಎಬ್ಬಿಸುತ್ತದೆ. ಆಮೇಲೆ ಅಕ್ಕಪಕ್ಕದ ಕೋಶಗಳಿಗೂ ಸುದ್ದಿ ಮುಟ್ಟಿ ಬೀದಿಯೆಲ್ಲ ಗಲಾಟೆ. ಕೆರಳಿದ ಕೋಶ ಹಸಿರಾಗಿ ಹೊಳೆಯುವಂತೆ ಏರ್ಪಾಡು ಮಾಡಿದ್ದರು. ಯಾರ ಬಟ್ಟಲು ಹೊಳೆಯುವುದಿಲ್ಲವೋ ಅವರಿಗೆ ಹುದ್ದೆ.

ತನ್ನ ಕೋಶಗಳ ಸ್ವಭಾವ ಸಾಧಣ್ಣನಿಗೆ ಗೊತ್ತಿಲ್ಲದ್ದೇ? ಹಿಂದಿನ ಸಂಜೆ ಯಾರೂ ಇಲ್ಲದಾಗ, ತಣ್ಣಗಿರಲಿ ಎಂದು ತನ್ನ ಬಟ್ಟಲಿಗೆ ಆ ಒತ್ತಡ ತಗ್ಗಿಸುವ ವಿಟಮಿನ್ ಸಿ ಧಾರಾಳವಾಗಿ ಸುರಿದ. ನಾಳೆ ನನ್ನ ಮಾನ ಉಳಿಸಿ ಎಂದು ಅವುಗಳನ್ನು ಬೇಡಿಕೊಂಡ. ಮರುದಿನ ಹನಿ ಬೀಳುವ ಮುಂಚೆಯೇ ಬಟ್ಟಲು ಹಸಿರಾಗಿ ಉರಿಯುತ್ತಿತ್ತು. ಕೋಶ ಬೆಳೆಸುವ ದ್ರವದಲ್ಲಿ ಆ ವಿಟಮಿನ್ ಅತಿಯಾದರೆ ಅದೇ ಪೆರಾಕ್ಸೈಡ್ ಹುಟ್ಟಿಸುತ್ತದಂತೆ. ನಿರ್ದೇಶಕಿ ಗದರಿಸಿದ್ದೇ ತಡ, ಪಾಪ, ಎಲ್ಲ ಒಪ್ಪಿಕೊಂಡುಬಿಟ್ಟ.

ಎದುರಾಳಿಯ ಕೋಶಗಳೋ, ಹನಿಯ ಮೇಲೆ ಹನಿ ಹಾಕಿದರೂ ಮಿಸುಕಲಿಲ್ಲ. ಹುದ್ದೆ ಅಲ್ಲೇ ಅವನ ಪಾಲಾಯಿತು, ಚಪ್ಪಾಳೆಯೂ ಬಿತ್ತು.

ಎದುರಾಳಿಯ ಬಟ್ಟಲನ್ನು ಎಸೆಯುವ ಮುನ್ನ ಸಾಧಣ್ಣ ಅಭ್ಯಾಸಬಲದಿಂದ ಸೂಕ್ಷ್ಮದರ್ಶಕದಲ್ಲಿ ಇಣುಕಿದ. ಕೋಶಗಳೆಲ್ಲ ಎಂದೋ ಸತ್ತಿದ್ದವು. ಎದುರಾಳಿಯೇ ಸರಿಯಾಗಿ ತೊಳೆಯದೆ ಬಿಟ್ಟ ಬಟ್ಟಲಿನ ಅಂಚಿನಲ್ಲಿ ಸೋಪಿನ ನೊರೆ ಇನ್ನೂ ಇತ್ತು. ಓಡಿ ಹೋಗಿ ತೋರಿಸಿದರೆ, ಆದೇಶಕ್ಕೆ ಸಹಿಯಾಗಿದೆ, ಅವು ಶಾಂತವಾಗಿದ್ದದ್ದಂತೂ ಸುಳ್ಳಲ್ಲವಲ್ಲ ಎಂದರು ನಿರ್ದೇಶಕಿ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಅವಳು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡಳು.

"ಸತ್ತೋರಿಗೆ ಸಿಟ್ಟು ಬರಲ್ಲ ಕಣ್ರೀ," ಎಂದಳು. "ಆ ಹುದ್ದೆ ಅವರೇ ಇಟ್ಕೊಳ್ಳಲಿ. ನಂಗೆ ನೀವಿದ್ರೆ ಸಾಕು."