ಐದು ಪಾಯಿಂಟ್ ಒಂದು ಬರೆದ ಅಕ್ಕ

ಹಾಗಂತ ಅಕ್ಕನಿಗೆ ಲೆಕ್ಕ ಬರುತ್ತಿರಲಿಲ್ಲ ಅಂತ ಯಾರಾದರೂ ಹೇಳಿದರೆ ನಂಬಲೇಬೇಡಿ. ಅವತ್ತು ಅಕ್ಕ ನಪಾಸಾಗಿದ್ದು ಲೆಕ್ಕ ಬರದೆ ಅಲ್ಲ, ಬಂದಿದ್ದನ್ನು ಬಂದ ಹಾಗೇ ಬರೆದು.

ಅಕ್ಕ ನಮ್ಮ ಕಾಲೇಜಿನ ಭೌತಶಾಸ್ತ್ರ ಲ್ಯಾಬಿನ ಅಟೆಂಡರ್. ಇಪ್ಪತ್ತೊಂಬತ್ತು ವರ್ಷದಿಂದ ಅದೇ ಲ್ಯಾಬು, ಅದೇ ನೀಲಿ ಕೋಟು, ಅದೇ ಬೀಗದ ಗೊಂಚಲು. ಓದಿದ್ದು ಪಿಯುಸಿ. ಆದರೆ ಲ್ಯಾಬಿನ ಮೂಲೆಯಲ್ಲಿ ಕಪ್ಪು ಪರದೆ ಕಟ್ಟಿದ ಕತ್ತಲೆ ಕೋಣೆ ಇದೆಯಲ್ಲ, ಅಲ್ಲಿ ಅವಳ ಮುಂದೆ ಎಂಎಸ್ಸಿಯವರೂ ಬಾಲ ಮುದುರಿಕೊಳ್ಳುತ್ತಿದ್ದರು. ಪಾದರಸದ ದೀಪ, ಅದರ ಮುಂದೆ ನಾಲ್ಕು ಬಣ್ಣದ ಗಾಜು, ಗಾಜಿನ ಆಚೆ ಒಂದು ಪುಟ್ಟ ಬಲ್ಬಿನಂಥ ಕೊಳವೆ. ಕೊಳವೆಯೊಳಗಿನ ಲೋಹದ ಮೇಲೆ ಬೆಳಕು ಬಿದ್ದರೆ ಎಲೆಕ್ಟ್ರಾನ್ ಎದ್ದು ಓಡುತ್ತವೆ. ಓಡುವವನ್ನು ಎದುರಿನಿಂದ ವೋಲ್ಟೇಜ್ ಕೊಟ್ಟು ತಡೆಯಬೇಕು. ಎಷ್ಟಕ್ಕೆ ನಿಂತವು ಅಂತ ಒಂದೊಂದು ಬಣ್ಣಕ್ಕೂ ಬರೆದುಕೊಂಡು ಗೆರೆ ಎಳೆದರೆ ಪ್ಲ್ಯಾಂಕ್ ಸ್ಥಿರಾಂಕ ಸಿಗುತ್ತದೆ. ಪುಸ್ತಕದ ಪ್ರಕಾರ ಆರು ಪಾಯಿಂಟ್ ಆರು. ಹಿಂದೆ ಬರುವ ಸೊನ್ನೆಗಳ ಗೋಜು ನಮಗೆ ಬೇಡ.

ನನಗೆ ಇದನ್ನು ತಲೆಗೆ ಹತ್ತಿಸಿದ್ದು ಲೆಕ್ಚರರ್ ಅಲ್ಲ, ಅಕ್ಕ. ದೀಪ ಹತ್ತಿರ ತಂದರೆ ಎಲೆಕ್ಟ್ರಾನ್ ಇನ್ನೂ ಜೋರಾಗಿ ಓಡುತ್ತವೆ ಅಂದುಕೊಂಡು ನಾನು ದೀಪ ತಳ್ಳುತ್ತಿದ್ದೆ.

"ಏ ಬೃಹಸ್ಪತಿ, ದೀಪ ಬಿಡು. ಬೆಳಕು ಜಾಸ್ತಿ ಆದ್ರೆ ಓಡೋರ ತಲೆ ಜಾಸ್ತಿ ಆಗುತ್ತೆ, ಓಟ ಜಾಸ್ತಿ ಆಗಲ್ಲ. ಕುಂಭಕರ್ಣನ ಮನೆ ಬಾಗಿಲನ್ನ ನೂರು ಜನ ಬಂದು ಬೆರಳಲ್ಲಿ ತಟ್ಟಿದ್ರೆ ಏಳ್ತಾನಾ? ಒಬ್ಬ ಸರಿಯಾಗಿ ಒದೀಬೇಕು. ಕೆಂಪು ಬೆಳಕು ಬೆರಳಲ್ಲಿ ತಟ್ಟೋದು. ನೇರಳೆ ಒದಿಯೋದು."

"ಹಳದಿ?"

"ಹಳದಿ ಮೊಣಕೈಯಲ್ಲಿ ತಿವಿಯೋದು. ಬರ್ಕೋ."

ಕಷ್ಟ ಶುರುವಾಗಿದ್ದೇ ಆ ಹಳದಿಯಿಂದ. ಹಳದಿ ಗಾಜಿನ ಅಂಚು ಎಂಟು ವರ್ಷದ ಹಿಂದೆ ಚಕ್ಕೆ ಎದ್ದಿತ್ತು. ಆ ಸಂದಿಯಿಂದ ನೀಲಿ ಬೆಳಕು ಕಳ್ಳನ ಹಾಗೆ ನುಸುಳುತ್ತಿತ್ತು. ಹಳದಿಗೆ ಅರ್ಧ ವೋಲ್ಟ್ ಬರಬೇಕಾದ ಕಡೆ ಸೊನ್ನೆ ಪಾಯಿಂಟ್ ಎಂಟು ಬರುತ್ತಿತ್ತು, ಹಸಿರಿಗಿಂತಲೂ ಜಾಸ್ತಿ. ಉತ್ತರ ಐದು ಪಾಯಿಂಟ್ ಒಂದಕ್ಕೆ ಕುಸಿಯುತ್ತಿತ್ತು. ಹೊಸ ಗಾಜು ಬೇಕು ಅಂತ ಅಕ್ಕ ಮೂರು ಸಲ ಅರ್ಜಿ ಬರೆದಳು. ಮೂರು ಸಲವೂ ವಿಭಾಗದ ಮುಖ್ಯಸ್ಥರು ಹಿಂದಕ್ಕೆ ಕೊಟ್ಟರು.

"ಯಾಕಮ್ಮಾ ಹೊಸದು? ಹುಡುಗರ ರೆಕಾರ್ಡ್ ನೋಡು, ಎಲ್ಲರಿಗೂ ಆರು ಪಾಯಿಂಟ್ ಆರೇ ಬಂದಿದೆ. ಉಪಕರಣ ಸರಿಯಾಗೇ ಇದೆಯಲ್ಲ?"

ಅಕ್ಕ ಅರ್ಜಿ ಮಡಚಿಕೊಂಡು ಬಂದಳು. ಬಾಯಿ ಬಿಡುವ ಹಾಗೆ ಇರಲಿಲ್ಲ. ಯಾಕಂದರೆ ಆ ಆರು ಪಾಯಿಂಟ್ ಆರು ಹುಟ್ಟುತ್ತಿದ್ದದ್ದು ಅವಳದೇ ಡ್ರಾಯರಿನಲ್ಲಿ. ಗಾಜು ಹೊಸದಾಗಿದ್ದಾಗ ತಾನೇ ಕೂತು ತೆಗೆದ ಅಂಕಿಗಳು ಒಂದು ನೋಟ್‌ಬುಕ್ಕಿನಲ್ಲಿದ್ದವು. ಐದು ಬಂತು ಅಂತ ಯಾರಾದರೂ ಅಳುಮೋರೆ ಮಾಡಿಕೊಂಡು ನಿಂತರೆ, "ತಗೋ, ಬರ್ಕೊಂಡು ಹೋಗು, ಕಣ್ಣೀರು ಮೀಟರ್ ಮೇಲೆ ಬೀಳಿಸ್ಬೇಡ" ಅಂತ ಅದನ್ನು ಚಾಚುತ್ತಿದ್ದಳು. ನಾನೂ ಬರೆದುಕೊಂಡವನೇ. ಕರುಣೆಯಿಂದ ಮಾಡಿದ್ದು ಅವಳ ಕುತ್ತಿಗೆಗೇ ಬಂತು.

ಆ ವರ್ಷ ಲ್ಯಾಬ್ ಇನ್‌ಸ್ಟ್ರಕ್ಟರ್ ಹುದ್ದೆ ಖಾಲಿಯಾಯಿತು. ಅಟೆಂಡರ್ ಆದವರು ಅಟೆಂಡರ್ ಆಗಿಯೇ ಮನೆಗೆ ಹೋಗದಿರಲು ಇದ್ದದ್ದು ಅದೊಂದೇ ದಾರಿ. ಒಳಗಿನವರಿಗೇ ಪರೀಕ್ಷೆ, ಹೊರಗಿನಿಂದ ಪರೀಕ್ಷಕರು. ಇಬ್ಬರೇ ಅಭ್ಯರ್ಥಿಗಳು: ಅಕ್ಕ, ಮತ್ತೆ ಸ್ಟೋರ್ ರೂಮಿನ ಪೆನ್ಸಿಲ್. ಕಿವಿಯ ಮೇಲೆ ಸದಾ ಪೆನ್ಸಿಲ್ ಇರುತ್ತಿದ್ದರಿಂದ ಆ ಹೆಸರು. ಕೆಟ್ಟವನಲ್ಲ, ಆದರೆ ಗಾಳಿ ಬಂದಾಗ ತೂರಿಕೊಳ್ಳುವ ಜಾತಿ. ಪರೀಕ್ಷೆಗೆ ಮುಂಚಿನ ವಾರ ಅಕ್ಕನ ಹತ್ತಿರ ಬಂದು, "ಅಕ್ಕಾ, ಒಂದ್ಸಲ ನಿನ್ ನೋಟ್‌ಬುಕ್ ಕೊಡೇ, ಓದ್ಕೊಳ್ಳೋಕೆ" ಅಂದ. ಯಾರು ಕೇಳಿದರೂ ಕೊಡುತ್ತಿದ್ದವಳು, ಕೊಟ್ಟಳು.

ಇಬ್ಬರಿಗೂ ಬಂದ ಪ್ರಯೋಗ ಅದೇ. ಬೆಳಗ್ಗೆ ಅಕ್ಕ, ಊಟ ಆದ ಮೇಲೆ ಪೆನ್ಸಿಲ್.

ಅಕ್ಕ ಪರದೆ ಎಳೆದು ಕೂತಳು. ಹಳದಿಗೆ ಸೊನ್ನೆ ಪಾಯಿಂಟ್ ಎಂಟು ಬಂತು. ಸರಿಯಾದ ಅಂಕಿ ನಿದ್ದೆಯಲ್ಲೂ ಹೇಳುವಷ್ಟು ಬಾಯಿಪಾಠ. ಆದರೂ ಬಂದಿದ್ದನ್ನೇ ಬರೆದಳು. ಕೆಳಗೆ ಗುಂಡಗೆ ಒಂದು ಸಾಲು ಸೇರಿಸಿದಳು: ಹಳದಿ ಗಾಜಿನ ಅಂಚು ಒಡೆದಿದೆ, ಅದಕ್ಕೇ ಉತ್ತರ ಕಡಿಮೆ. ಪರೀಕ್ಷಕರ ಕೈಗೆ ಗಾಜನ್ನೂ ಕೊಟ್ಟು ತೋರಿಸಿದಳು. ಈ ಮಾತು ಕೇಳುವ ಒಬ್ಬರಿಗೋಸ್ಕರ ಎಂಟು ವರ್ಷ ಕಾದಿದ್ದಳು ನೋಡಿ.

ಪರೀಕ್ಷಕರು ಗಾಜನ್ನು ಕನ್ನಡಕದ ಮೇಲಿಂದ ನೋಡಿದರು. "ನೀವು ಪರೀಕ್ಷೆ ಬರೆಯೋಕೆ ಬಂದಿದ್ದೀರೋ, ದೂರು ಕೊಡೋಕೋ? ಕುಣಿಯೋಕೆ ಬರದೇ ಇರೋರು ನೆಲ ಡೊಂಕು ಅಂದ್ರಂತೆ."

"ನೆಲ ಡೊಂಕೇ ಸಾರ್. ಬಗ್ಗಿ ನೋಡಿ."

ಅವರು ಬಗ್ಗಲಿಲ್ಲ. ಮಧ್ಯಾಹ್ನ ಅದೇ ದೀಪ, ಅದೇ ಒಡೆದ ಗಾಜಿನಲ್ಲಿ ಪೆನ್ಸಿಲ್‌ಗೆ ಆರು ಪಾಯಿಂಟ್ ಆರು ಬಂತು. ಗಾಜು ಸರಿಯಿದೆ ಅನ್ನುವುದಕ್ಕೆ ಅದೇ ಸಾಕ್ಷಿಯೂ ಆಯಿತು. ಸಂಜೆ ಮೇಜಿನ ಮೇಲೆ ಬಿದ್ದಿದ್ದ ಅವನ ಹಾಳೆಯನ್ನು ಅಕ್ಕ ಕಂಡಳು. ನಾಲ್ಕು ಅಂಕಿಯೂ ಅವಳವೇ, ಅವಳು ಹೊಸ ಗಾಜಿನಲ್ಲಿ ತೆಗೆದವು. ತನ್ನ ಅಂಕಿಗೇ ತಾನು ಸೋತಿದ್ದಳು.

ಮನೆಯಲ್ಲಿ ಅವಳ ಅತ್ತೆ ಬಾಗಿಲಲ್ಲೇ ಕೂತಿದ್ದರು. ಅಕ್ಕನ ಗಂಡ ತೀರಿಕೊಂಡ ಮೇಲೆ ಅತ್ತೆ ಸೊಸೆ ಇಬ್ಬರದೇ ಸಂಸಾರ.

"ಐದರ ಬದ್ಲು ಆರು ಅಂತ ಬರ್ದಿದ್ರೆ ನಿನ್ ಕೈ ಏನು ಸೇದೋಗ್ತಿತ್ತೇನೇ? ಊರ ಮಕ್ಕಳಿಗೆಲ್ಲಾ ಬರ್ಸಿದ್ದೀಯ!"

"ಅವ್ರು ಮಕ್ಳು ಅತ್ತೆ, ಪಾಸಾಗಿ ಹೋಗೋರು. ನಾನು ಅಲ್ಲೇ ಇರೋಳು. ನಾಳೆ ಮತ್ತೆ ಅದೇ ಗಾಜು ನಾನೇ ಒರೆಸ್ಬೇಕು."

ಅತ್ತೆ ಎದ್ದು ಒಳಗೆ ಹೋದರಂತೆ. ತಟ್ಟೆ ಹಾಕಿ ಬಡಿಸಿದರಂತೆ.

ಅಕ್ಕ ಮರುದಿನವೇ ಆ ನೋಟ್‌ಬುಕ್ ಹರಿದು ಹಾಕಿದಳು. ಈಗ ಹುಡುಗರಿಗೆ ಐದು ಪಾಯಿಂಟ್ ಒಂದೇ ಬರುತ್ತದೆ, ಮಾರ್ಕು ಹೋಗುತ್ತದೆ, ಬೆನ್ನ ಹಿಂದೆ "ಗೂಬೆ" ಅಂತ ಬೈಯುತ್ತಾರೆ. ಇನ್‌ಸ್ಟ್ರಕ್ಟರ್ ಪೆನ್ಸಿಲ್ ಈಗ ಕುರ್ಚಿಯಲ್ಲಿ ಕೂರುತ್ತಾನೆ. ಗಾಜಿನ ಅರ್ಜಿಗೆ ಈಗ ಅವನೇ ಸಹಿ ಹಾಕಬೇಕು. ಅಕ್ಕ ಹೋಗಿ ಅರ್ಜಿ ಮುಂದಿಟ್ಟರೆ ಅವನು ಮುಖ ಎತ್ತುವುದಿಲ್ಲ.

"ಅಕ್ಕಾ, ಗಾಜು ಒಡೆದಿದೆ ಅಂತ ನಾನು ಹೆಂಗೆ ಸಹಿ ಹಾಕ್ಲಿ? ಹಾಗಾದ್ರೆ ನಿನಗೆ ಆರು ಹೆಂಗೆ ಬಂತಪ್ಪಾ ಅಂತ ನನ್ನೇ ಕೇಳಲ್ವಾ?"

ಅವನು ಆ ಕುರ್ಚಿಯಲ್ಲಿ ಇರುವವರೆಗೆ ಹೊಸ ಗಾಜು ಬರುವುದಿಲ್ಲ. ಅವನಿಗೆ ಇನ್ನೂ ಹನ್ನೊಂದು ವರ್ಷ ಸರ್ವೀಸ್ ಇದೆ. ಅಕ್ಕನಿಗೆ ಇರುವುದು ಏಳು ತಿಂಗಳು.

ಅಷ್ಟರೊಳಗೆ ಒಂದ್ಸಲ ಹೋಗಿ ಬನ್ನಿ. ಪ್ರಾಕ್ಟಿಕಲ್ ನಡೆಯುವ ಹೊತ್ತಿಗೆ ಹೋದರೆ ಲ್ಯಾಬಿನಲ್ಲೇ ಸಿಗುತ್ತಾಳೆ. ಹುದ್ದೆ ಗಿದ್ದೆ ಅಂತ ಮಾತು ತೆಗೆಯಬೇಡಿ, ಅಯ್ಯೋ ಪಾಪ ಅಂತಂತೂ ಬೇಡವೇ ಬೇಡ, ಎದ್ದು ಹೋಗು ಅಂತಾಳೆ. ಆ ಹಳದಿ ಗಾಜನ್ನು ಕೈಗೆ ತಗೊಂಡು ಬೆಳಕಿಗೆ ಹಿಡಿಯಿರಿ, ಬಗ್ಗಿ ಅಂಚು ನೋಡಿ, "ಹೌದಕ್ಕಾ, ಒಡೆದಿದೆ" ಅನ್ನಿ. ಇಷ್ಟು ವರ್ಷದಲ್ಲಿ ಅವಳಿಗೆ ಹಾಗಂತ ಒಬ್ಬರೂ ಹೇಳಿಲ್ಲ. ನೀವಾದರೂ ಹೇಳಿ ಬನ್ನಿ.