ಕೈ ಪೇಟಿ ಆಯಿದು, ಕಾಲು ನಂದು

ಹೋದ ತಿಂಗಳ ಕುಷ್ಟಗಿಯ ನಮ್ಮ ಮನಿ ಮುಂದ ಒಂದು ಟಂಟಂ ಬಂದು ನಿಂತಿತು. ಗೋಣಿತಟ್ಟು ಸುತ್ತಿದ ದೊಡ್ಡದೊಂದು ಪೆಟ್ಟಿಗಿ ಇಳಿಸಿ, ಪಡಸಾಲ್ಯಾಗ ಇಟ್ಟು ಹೋದ್ರು. ಮೊಮ್ಮಗಳು ತಟ್ಟು ಬಿಚ್ಚಿ ಮುಚ್ಚಳ ಎತ್ತಿದ್ಲು. ಒಳಗಿಂದ ಹಳೇ ತೊಗಲು, ಸಾಗವಾನಿ ಕಟ್ಟಿಗಿ, ಡಾಂಬರ ಗುಳಿಗಿ ಮೂರೂ ಕೂಡಿದ ವಾಸನಿ ಬಂತು ನೋಡ್ರಿ... ನಾ ಅಲ್ಲೇ ಗ್ವಾಡಿ ಹಿಡಕೊಂಡು ನಿಂತೆ. ಗಂಗಾವತಿಯ ನಮ್ಮ ಓಣ್ಯಾಗಿನ ಪೇಟಿ ಆಯಿ ಮನಿ ಬಾಗಲಾ ತೆರದಂಗಾತು.

ಆ ಪೆಟ್ಟಿಗಿ ಕಾಲಪೇಟಿ. ನಾಟಕ ಕಂಪನಿಯವರು ಆರ್ಗನ್ ಅಂತಾರ. ಭಜನಿಯೊಳಗಿನ ಕೈಪೇಟಿ, ಅದ ಹಾರ್ಮೋನಿಯಂ, ಎಲ್ಲಾರೂ ನೋಡೀರಿ, ಒಂದು ಕೈಲೆ ಗಾಳಿ ಹಾಕಿ ಇನ್ನೊಂದು ಕೈಲೆ ನುಡಸೋದು. ಇದು ಹಂಗಲ್ಲ. ಮೇಜಿನಷ್ಟು ಎತ್ತರ. ಬಾಕಿನ ಮ್ಯಾಲೆ ಕುಂತು ಕೆಳಗಿನ ಎರಡು ಹಲಗಿ ಎಡಾ ಬಲಾ ತುಳೀತಿರಬೇಕು, ಆವಾಗ ತಿದಿಯೊಳಗ ಗಾಳಿ ತುಂಬತೈತಿ. ಎರಡೂ ಕೈ ನುಡಸಾಕ ಖಾಲಿ.

ಪೇಟಿ ಆಯಿ ನಮ್ಮ ಬಾಜೂ ಮನಿಯಾಕಿ. ಹರೇದಾಗ ನಾಟಕ ಕಂಪನ್ಯಾಗ ಪಾರ್ಟು ಮಾಡಿದಾಕಿ, ಆಮ್ಯಾಲೆ ಅದೇ ಕಂಪನ್ಯಾಗ ಪೇಟಿ ನುಡಸಿದಾಕಿ. ಕಂಪನಿ ಮುಚ್ಚಿದಾಗ ಪೇಟಿ ಆಕಿ ಪಾಲಿಗೆ ಬಂದಿತ್ತಂತ. ನಾ ಕಾಣೂದ್ರಾಗ ಆಕಿ ಮೊಣಕಾಲು ಸೋತು ಹೋಗಿದ್ವು. ಬೆರಳು ಮಾತ್ರ ಇನ್ನೂ ಹುಡುಗೀವು.

ನನ್ನ ಸಾಲಿ ಮೂರನೇ ಇಯತ್ತೆಕ್ಕ ಮುಗದಿತ್ತು. ತಮ್ಮನ್ನ ಬಗಲಾಗ ಎತಗೊಂಡು ಆಕಿ ಬಾಗಲಾಗ ಹೋಗಿ ನಿಲ್ಲತಿದ್ದೆ. ಆಯಿ ಎರಡು ಸಾಲು ನುಡಸಿ, ಮೊಣಕಾಲು ತಿಕ್ಕೋತ ಬಿಟ್ಟುಬಿಡತಿದ್ಲು. ಒಂದಿನ ನನ್ನ ಕಡೆ ತಿರುಗಿ ನೋಡಿದ್ಲು.

"ಏ ಖೋಡಿ, ಆ ಹುಡುಗನ್ನ ಕೆಳಗ ಇಳಸು. ಬಾ, ನನ್ನ ಬಾಜೂ ಕುಂದ್ರು. ಕಾಲು ನಿಂದು, ಕೈ ನಂದು."

ಹಿಂಗ ನಾವಿಬ್ಬರು ಕೂಡಿ ಒಂದು ಪೇಟಿ ನುಡಸಾಕ ಹತ್ತಿದ್ವಿ. ಮೊದಲನೇ ದಿನ ಹಾಡು ಕೇಳಿಕೋತ ನಾ ತುಳಿಯೋದು ಮರತೆ. ಕರೆಂಟ್ ಹೋದ ಗಿರಣಿಯಂಗ ಹಾಡು ಗುಂಯ್ ಅಂತ ಕುಂತುಬಿಡ್ತು. ಆಯಿ ನನ್ನ ತೊಡಿ ಚೂಟಿದ್ಲು.

"ಹಾಡು ಕೇಳಾಕ ಬಂದೀಯೋ, ತುಳಿಯಾಕ ಬಂದೀಯೋ? ನನ್ನ ಬೆರಳು ತಪ್ಪಿದ್ರ ಮಂದಿ ನಕ್ಕು ಸುಮ್ಮನಾಗ್ತಾರ. ನಿನ್ನ ಕಾಲು ನಿಂತ್ರ, ಪಾರ್ಟಿನಾವ ಸ್ಟೇಜಿನ ಮ್ಯಾಲೆ ಬಾಯಿ ತಕ್ಕೊಂಡು ಒಬ್ಬಾವ ನಿಲ್ಲತಾನ!"

ನಮ್ಮವ್ವಗ ಇದು ಸೇರಲಿಲ್ಲ. "ನಾಟಕದಾಕಿ ಮನ್ಯಾಗ ನಿನಗೇನ ಕೆಲಸ? ನಾಳೆ ಗಂಡಿನ ಕಡ್ಯಾವ್ರು ಕೇಳಿದ್ರ ನಾ ಏನ ಹೇಳ್ಲಿ?" ಅಂತ ಹಿತ್ತಲದಾಗ ಬೈದ್ಲು. ಗ್ವಾಡಿ ಆಚೆಯಿಂದ ಆಯಿ ದನಿ ಬಂತು: "ಕಾಲು ಗಟ್ಟಿ ಅದಾವ ಅಂತ ಹೇಳವಾ, ನೀರು ಛಲೋ ಹೊರತಾಳ!" ನಮ್ಮವ್ವ ಸೆರಗು ಬಾಯಿಗೆ ಹಿಡಕೊಂಡು ನಕ್ಕುಬಿಟ್ಲು. ಅವತ್ತಿನಿಂದ ನನ್ನ ತಡೀಲಿಲ್ಲ.

ನನಗ ಆಸೆ ಇದ್ದದ್ದು ಮ್ಯಾಲಿನ ಕರೀ ಬಿಳೀ ಪಟ್ಟಿ ಮ್ಯಾಲೆ. ಕೇಳಿದಾಗೆಲ್ಲಾ ಆಯಿ, "ಮೊದಲ ಕಾಲು ತಾವ ತಿರುಗಲಿ. ಮುಂದಿನ ಸುಗ್ಗಿಗೆ ಕೈ ಹೇಳಿಕೊಡ್ತೀನಿ" ಅಂತಿದ್ಲು. ಆ ಸುಗ್ಗಿ ಬರೋದರೊಳಗ ನನ್ನ ಲಗ್ನಾತು, ಕುಷ್ಟಗಿಗೆ ಬಂದೆ. ಪಂಚಮಿಗೆ ತವರಿಗೆ ಹೋದಾಗ ಆಯಿ ಮನಿಗೆ ಕೀಲಿ ಬಿದ್ದಿತ್ತು. ತಂಗಿ ಮಗ ಬಂದು ಹುಬ್ಬಳ್ಳಿ ಕಡೆ ಕರಕೊಂಡು ಹೋಗ್ಯಾನ ಅಂದ್ರು. ಮುಂದ ಯಾವಾಗೋ, ಆಯಿ ತೀರಿಕೊಂಡ್ಲಂತ ಅಂದ್ಲು ನಮ್ಮವ್ವ. ಆಗ ನನ್ನ ತೊಡಿಮ್ಯಾಲೆ ಚೊಚ್ಚಲ ಕೂಸು...

ಈಗ ಆ ಕೂಸಿನ ಮಗಳು ಪಿಯುಸಿ ಓದ್ತಾಳ. ಭಜನಿಯಾಗ ಕೈಪೇಟಿ ನುಡಸ್ತಾಳ. ಕಾಲಪೇಟಿ ನುಡಸಾವ್ರು ಕಡಿಮಿ ಆಗ್ಯಾರಂತ ಯಾರೋ ಪುಣ್ಯಾತ್ಮರು ಇಂಥಾ ಹರೇದ ಮಕ್ಕಳಿಗೆ ಶಿಷ್ಯವೇತನ ಕೊಟ್ಟು, ಛಲೋ ಮಾಸ್ತರರ ಕಡೆ ಕಲಸ್ತಾರಂತ. ಕಲಿಯೋತನಾ ಮನಿಗೆ ಪೇಟಿನೂ ಕೊಡ್ತಾರ. ಆದ್ರ ಆರಿಸಬೇಕಂದ್ರ ಮೊದಲ ಕೊಪ್ಪಳಕ್ಕ ಹೋಗಿ ಕಾಲಪೇಟಿ ನುಡಿಸಿ ತೋರಸಬೇಕಿತ್ತು. ಹುಡುಗಿ ಕ್ಯಾಂಪ್ ಹಾಕಿದ ನಾಟಕ ಕಂಪನಿಯೊಂದಕ್ಕ ಹೋಗಿ, ಅವರ ಪೇಟಿ ಮ್ಯಾಲೆ ಕುಂತು ನೋಡಿ, ಅಳಕೋತ ಮನಿಗೆ ಬಂದ್ಲು.

"ಕೈ ಜೋರಾದ ಕೂಡ್ಲೇ ಕಾಲು ನಿಂತುಬಿಡ್ತಾವ ಬೇ ಅಜ್ಜಿ. ಇದೊಂದು ಸ್ಕಾಲರ್‌ಶಿಪ್ ತಪ್ಪಿದ್ರ ನನಗ ಕಾಲಪೇಟಿ ಎಲ್ಲಿ ಸಿಗಬೇಕು?"

ನನ್ನ ತೊಡ್ಯಾಗ ಆಯಿ ಚೂಟಿದಂಗಾತು ನೋಡ್ರಿ! ಕೈಪೇಟಿ ಮೇಜಿನ ಮ್ಯಾಲೆ ಇಡಿಸಿದೆ. ಗಾಳಿ ಹಾಕಬ್ಯಾಡ, ಎರಡೂ ಕೈ ಬರೇ ಪಟ್ಟಿ ಮ್ಯಾಲೆ ಓಡಸು ಅಂದೆ. ಮೇಜಿನ ಕೆಳಗ ನೆಲದ ಮ್ಯಾಲೆ ಕುಂತು ಎರಡೂ ಅಂಗೈ ಚಾಚಿದೆ.

"ಇಡು ಕಾಲು. ನನ್ನ ಕೈನ ಹಲಗಿ ಅನಕೋ."

"ನಿನ್ನ ಕೈ ಮ್ಯಾಲೆ ಕಾಲಿಡ್ಲಾ? ಪಾಪ ಬರತೈತಿ ಬೇ!"

"ಪಾಪ ನಾ ಇಟಗೋತೀನಿ, ಪೇಟಿ ನೀ ಇಟಗೋ. ತುಳಿ."

ತುಳಿದ್ಲು. ಹಾಡು ಮನಸಿನ್ಯಾಗ, ಕೈ ಪಟ್ಟಿ ಮ್ಯಾಲೆ, ಕಾಲು ನನ್ನ ಅಂಗೈಯಾಗ. ಕಾಲು ನಿಂತಾಗೊಮ್ಮೆ ಹೆಬ್ಬೆರಳು ಚೂಟಿದೆ. ದಿನಾ ಸಂಜೀಕ ಇದ. ನನ್ನ ಮಗ ನೋಡಿ, "ಎವ್ವಾ, ನಿಂದೇನ ಹುಚ್ಚು" ಅಂತ ನಕ್ಕ. ನಗಲಿ ಬಿಡ್ರಿ. ಬರಬರತಾ ಆಕಿ ನನ್ನ ಕೂಡ ಜಗಳಾಡಿಕೋತ, ಬೆಲ್ಲ ತಿನಕೋತನೂ ತುಳೀತಿದ್ಲು. ಚೂಟಾಕ ಜಾಗಾನ ಸಿಗಲಿಲ್ಲ.

ಕೊಪ್ಪಳದಾಗ ನಾ ಹೊರಗ ಕಟ್ಟಿಮ್ಯಾಲೆ ಬುತ್ತಿ ಅವಚಿಕೊಂಡು ಕುಂತಿದ್ದೆ. ಕಿಟಕ್ಯಾಗಿಂದ ಪೇಟಿ ಕೇಳತಿತ್ತು. ಹಾಡು ಜೋರಾತು. ಒಂದು ಬೆರಳು ತಪ್ಪಿತು, ನನಗ ಗೊತ್ತಾತು. ಆದ್ರ ಗಾಳಿ ನಿಲ್ಲಲಿಲ್ಲ. ಸ್ವರ ಹಂಗ ಹಿಡಕೊಂಡ ಇತ್ತು, ಬೆರಳು ಹುಡಿಕ್ಯಾಡಿ ಬಂದು ದಾರಿಗೆ ಹತ್ತಿತು.

ಆಮ್ಯಾಲೆ ಹುಡುಗಿ ಓಡಿ ಬಂದು ನನ್ನ ರಟ್ಟಿ ಹಿಡಿದು ಒಳಗ ಎಳಕೊಂಡು ಹೋದ್ಲು. ಪರೀಕ್ಷಾ ಮಾಡಾವ್ರೊಳಗ ಹಿರಿಯರೊಬ್ಬರು, "ಅವ್ವಾರ, ಈಕಿಗೆ ಕಾಲು ಹೇಳಿಕೊಟ್ಟಾವ್ರು ನೀವಂತ. ನೀವು ಎಲ್ಲಿ ಕಲತ್ರಿ?" ಅಂತ ಕೇಳಿದ್ರು.

"ಗಂಗಾವತ್ಯಾಗ ಒಬ್ಬಾಕಿ ಆಯಿ ಇದ್ಲುರಿ. ಆದ್ರ ನನಗ ಬರೇ ಕಾಲು ಬರತಾವ, ಕೈ ಬರಂಗಿಲ್ರಿ" ಅಂದೆ. ಎಲ್ಲಾರೂ ನಕ್ಕರು. ನಾನೂ ನಕ್ಕೆ.

ಆರಿಸಿವಿ ಅಂತ ಫೋನು ಬಂದಾಗ ನಾವು ಬಸ್ಸಿನ್ಯಾಗ ಯಲಬುರ್ಗಾಕ್ಕ ಬೀಗರ ಮನಿಗೆ ಹೊಂಟಿದ್ವಿ. ಕಂಡಕ್ಟರಗ ಹೇಳಿದೆ. "ಛಲೋ ಆತು ಬಿಡವಾ, ಮೊದಲ ಟಿಕೀಟ್ ತಗೋ" ಅಂದ. ಮನಿಗೆ ಬಂದು ಬೆಲ್ಲ ಹಾಕಿ ಮಾದಲಿ ಮಾಡಿ ಓಣಿಗೆಲ್ಲಾ ಹಂಚಿದೆ. ಹೇಳೂದ್ರಾಗ ಬಾಯಿ ಸೋತ್ರೂ ಸುದ್ದಿ ಮುಗೀಲಿಲ್ಲ.

ಪೇಟಿ ಬಂದ ದಿನ ನಾ ಗ್ವಾಡಿ ಹಿಡಕೊಂಡು ನಿಂತಿದ್ನಲ್ಲ, ಆವಾಗ ಮೊಮ್ಮಗಳು ಬಾಕಿನ ಮ್ಯಾಲೆ ಸರಿದು ಜಾಗಾ ಮಾಡಿದ್ಲು. "ಬಾ ಬೇ, ನೀ ತುಳಿ" ಅಂದ್ಲು. ಕುಂತು ಹಲಗಿ ಮ್ಯಾಲೆ ಕಾಲಿಟ್ಟೆ. ಮೊಣಕಾಲು ಕಟ್ ಅಂತು. ಆಯಿ ತಿಕ್ಕೋತಿದ್ದ ಜಾಗಾನ, ಅಲ್ಲೇ... ಆಕಿ ಪೇಟಿ ಯಾರ ಮನ್ಯಾಗ ಐತೋ, ಒಲಿ ಸೇರಿತೋ, ಗೊತ್ತಿಲ್ಲ. ಇದನ್ನ ನೋಡಾಕ ಆಕಿ ಇರಬೇಕಿತ್ತು.

ಹುಡುಗಿ ನನ್ನ ಕಾಲು ಮೆಲ್ಲಕ ಸರಿಸಿ, ತನ್ನ ಕಾಲಿಟ್ಟು ತುಳಿಯಾಕ ಹತ್ತಿದ್ಲು. ನನ್ನ ತೋರಬೆರಳು ಹಿಡಿದು ಬಿಳೀ ಪಟ್ಟಿಯೊಂದರ ಮ್ಯಾಲೆ ಇಟ್ಲು.

"ಒತ್ತು ಅಜ್ಜಿ. ಗಾಳಿ ನಾ ಬಿಡಂಗಿಲ್ಲ."

ಒತ್ತಿದೆ.